ಬ್ಯಾಸಿಗ್ಯಾಗ ಪ್ರೊಸೆಸರ್ ತಂಪು ಇಡೂದು: ಗಿಗಾಹರ್ಟ್ಸ್ ಇಳಸಬೇಕೋ, ವ್ಯಾಟ್ ಇಳಸಬೇಕೋ?

ದುರ್ಗದಬೈಲ್_ಡೆಸ್ಕ್

ಕೋರ್ ಐ7-12700, ಪ್ರೊಸೆಸರ್ ಡಬ್ಬಿಯೊಳಗ ಬಂದ ಕೂಲರ್, ಬಿ660 ಬೋರ್ಡ್, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 600 ವಿಎ ಯುಪಿಎಸ್. ಹಗಲೆಲ್ಲಾ ಟ್ಯಾಲಿ, ಸಂಜಿಮುಂದ ಮದವಿ ವಿಡಿಯೊ ರೆಂಡರ್. ಖೋಲಿ 38 ಡಿಗ್ರಿ ಇದ್ದಾಗ ರೆಂಡರಿಗೆ ಹಚ್ಚಿದ್ರ 100ಕ್ಕ ಹೋಗಿ ನಿಲ್ಲತೈತಿ. ಪವರ್ ಆಪ್ಷನ್ಸ್‌ನ್ಯಾಗ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 99 ಮಾಡಿದ್ರ ತಂಪಾಗತೈತಿ ಖರೆ, ಆದ್ರ ಟ್ಯಾಲಿ ರಿಪೋರ್ಟ್ ತಗಿಯೂದೂ ಜಡ ಆಗತೈತಿ. ಹಗಲಿನ ಚುರುಕು ಉಳಿಸಿ ಸಂಜೀ ಧಗಿ ಅಷ್ಟ ಕಡಿಮಿ ಮಾಡಾಕ ಬರತೈತೇನ್ರಿ?

ಸಪ್ತಾಪುರ_ಸರ್ಕ್ಯೂಟ್

ಬರ್ತದ. ನೀವು ತಪ್ಪು ಹಿಡಿಕಿ ತಿರುವೀರಿ ಅಷ್ಟ.

99 ಅಂದ್ರ ಒಂದು ಪರ್ಸೆಂಟ್ ಕಡಿಮಿ ಅಲ್ಲ, ಟರ್ಬೊ (ಕೆಲಸ ಬಿದ್ದಾಗ ಮೂಲ ವೇಗ ದಾಟಿ ಓಡೋದು) ಬಂದ್ ಮಾಡೋ ಸ್ವಿಚ್ಚು ಅದು. 12700ರ ಮೂಲ ವೇಗ 2.1 ಗಿಗಾಹರ್ಟ್ಸ್, ಟರ್ಬೊ 4.9ರ ತನಕ. 99 ಹಾಕಿದ ಕೂಡಲೇ ಅರ್ಧಕ್ಕಿಂತ ಕೆಳಗ ಬಿತ್ತು. ಟ್ಯಾಲಿಯಂಥಾ ಕೆಲಸ ಒಂದೆರಡು ಕೋರ್ ಮ್ಯಾಲ ನಡೀತದ, ಅದಕ್ಕ ಬೇಕಾಗೋದು ಆ 4.9. ಒಂದು ಕೋರ್ ಅಷ್ಟು ಓಡಿದ್ರ ಚಿಪ್ ಬೆಂಕಿ ಆಗೂದಿಲ್ಲ. ಎಲ್ಲಾ ಕೋರ್ ಒಮ್ಮೆಲೇ ಓಡಿದಾಗ ಆಗ್ತದ. ಹಂಗಾಗಿ ಮುಚ್ಚಳ ಹಾಕೋದು ಗಿಗಾಹರ್ಟ್ಸಿಗೆ ಅಲ್ಲ, ವ್ಯಾಟಿಗೆ.

ಲೆಕ್ಕ ನೋಡ್ರಿ. ಕೋರ್ ಉಣ್ಣೋ ಶಕ್ತಿ ವೇಗದ ಜೋಡಿ ನೇರಕ್ಕ ಏರ್ತದ, ವೋಲ್ಟೇಜಿನ ಜೋಡಿ ಅದರ ವರ್ಗದಂಗ ಏರ್ತದ. 4.4 ಗಿಗಾಹರ್ಟ್ಸಿಗೆ 1.25 ವೋಲ್ಟ್ ಬೇಡೋ ಕೋರ್ 3.5ಕ್ಕ 1.0 ವೋಲ್ಟಿನ್ಯಾಗ ನಡೀತದ ಅಂತ ಹಿಡೀರಿ. ವೇಗ 0.8 ಪಟ್ಟು, ವೋಲ್ಟೇಜಿನ ವರ್ಗ 0.64 ಪಟ್ಟು, ಗುಣಿಸಿದ್ರ 0.51. ಐದರಾಗ ಒಂದು ಪಾಲು ವೇಗ ಬಿಟ್ರ ಅರ್ಧ ಧಗಿ ಹೋತು. ಕಡೀ ಒಂದು ಗಿಗಾಹರ್ಟ್ಸ್ ಭಾಳ ತುಟ್ಟಿ ಮಾಲು. ಅದ ವೋಲ್ಟೇಜ್ ಅಲ್ಲೇ ಇಟ್ಟು ಬರೇ ವೇಗ ಇಳಿಸಿದ್ರ ಉಳಿಯೋದೂ ಐದರಾಗ ಒಂದ ಪಾಲು.

ಈಗ ಕೂಲರ್. ಒಂದು ವ್ಯಾಟಿಗೆ ಅರ್ಧ ಡಿಗ್ರಿ ಏರೋ ಸಾದಾ ಕೂಲರ್ ಅಂತ ಇಟ್ಕೊಳ್ರಿ. ಖೋಲಿ 38, ಕ್ಯಾಬಿನೆಟ್ ಒಳಗಿನ ಗಾಳಿ ಇನ್ನೊಂದು 6 ಹೆಚ್ಚು, ಅಂದ್ರ 44ರಿಂದ ಶುರು. 65 ವ್ಯಾಟಿಗೆ 76 ಡಿಗ್ರಿ. 90 ವ್ಯಾಟಿಗೆ 89. 12700ಕ್ಕ ಇಂಟೆಲ್ ಹೇಳೋ ಟರ್ಬೊ ಮಿತಿ 180 ವ್ಯಾಟ್, ಅದಕ್ಕ 134 ಬರಬೇಕು. ಅಷ್ಟು ಬರೂದಿಲ್ಲ, 100ಕ್ಕ ಚಿಪ್ ತಾನಾಗೇ ಹಿಂದಕ್ಕ ಜಗ್ತದ. ನಿಮ್ಮಲ್ಲಿ ಆಗಾಕತ್ತಿದ್ದು ಇದ.

ಮಾಡೋದು: ಬಯೋಸ್‌ಗೆ (ವಿಂಡೋಸ್ ಶುರು ಆಗೋಕಿಂತ ಮೊದಲ ಬರೋ ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ‘ಲಾಂಗ್ ಡ್ಯುರೇಶನ್ ಪವರ್ ಲಿಮಿಟ್’ ಅಥವಾ ಪಿಎಲ್1 ಅಂತ ಇರೋದಕ್ಕ 75 ವ್ಯಾಟ್, ‘ಶಾರ್ಟ್ ಡ್ಯುರೇಶನ್’ ಅಥವಾ ಪಿಎಲ್2ಕ್ಕ 100, ಪಿಎಲ್2 ಎಷ್ಟೊತ್ತು ನಡೀಬೇಕು ಅನ್ನೋ ಟೌ ವೇಳೆಗೆ 28 ಸೆಕೆಂಡ್. ಹೆಸರಿನ್ಯಾಗ ಕೆ ಇಲ್ಲದ (ವೇಗ ಏರಿಸಾಕ ಬರದ) ಪ್ರೊಸೆಸರಿಗೂ ಈ ಮಿತಿ ಬದಲಿ ಮಾಡಾಕ ಬರ್ತದ, ಬೋರ್ಡ್ ತೋರಿಸ್ಬೇಕು ಅಷ್ಟ. ವಿಂಡೋಸ್‌ನ್ಯಾಗ 100ಕ್ಕ ವಾಪಸ್ ಇಡ್ರಿ. ಮಿನಿಮಮ್ ಸ್ಟೇಟ್ 5 ಇರಲಿ.

ದುರ್ಗದಬೈಲ್_ಡೆಸ್ಕ್

ಬಯೋಸ್‌ನ್ಯಾಗ ‘ಕೂಲರ್ ಟ್ಯೂನಿಂಗ್’ ಅನ್ನೂ ಕಡೆ ‘ವಾಟರ್ ಕೂಲರ್’ ಅಂತ ಐತಿ. ಪಕ್ಕದಾಗ 4096 ವ್ಯಾಟ್.

ಸಪ್ತಾಪುರ_ಸರ್ಕ್ಯೂಟ್

ಸಿಕ್ಕ ನೋಡ್ರಿ ಕಳ್ಳ. 4096 ಅಂದ್ರ ಮಿತೀನ ಇಲ್ಲ ಅಂತ ಅರ್ಥ. ಮೊದಲ ಸಲ ಆನ್ ಮಾಡಿದಾಗ ಯಾವ ಕೂಲರ್ ಅಂತ ಬೋರ್ಡ್ ಕೇಳ್ತದ, ಜೋಡಿಸೋರು ಗಡಬಡಿಯೊಳಗ ಎಂಟರ್ ಹೊಡದಿರ್ತಾರ. ‘ಬಾಕ್ಸ್ ಕೂಲರ್’ ಆರಿಸಿದ ಮ್ಯಾಲೂ ಪಿಎಲ್1, ಪಿಎಲ್2 ಕೈಯಿಂದ ತುಂಬ್ರಿ.

ಬ್ಯಾಡಗಿ_ಘಾಟು

ವ್ಯಾಟ್ ಇಳಸೂಕಿಂತ ಮೊದಲ ಕೂಲರ್ ಬರೋಬ್ಬರಿ ಕುಂತೈತೋ ಇಲ್ಲೋ ನೋಡ್ರಿ. ಇಲ್ಲಂದ್ರ ಕುಂಟ ಎತ್ತಿಗೆ ಹೊರಿ ಕಡಿಮಿ ಮಾಡಿದಂಗ ಆಗತೈತಿ.

ಪರೀಕ್ಷಾ ಸಸಾರ ಐತಿ. ಎಚ್‌ಡಬ್ಲ್ಯೂಇನ್ಫೊ ಅನ್ನೂ ಸಾಫ್ಟ್‌ವೇರ್ ತಗದು ಉಷ್ಣತೆ ನೋಡಕೋತ ಲೋಡ್ ಕೊಡ್ರಿ. ಎರಡು ಮೂರು ಸೆಕೆಂಡಿನ್ಯಾಗ 45ರಿಂದ 95ಕ್ಕ ಜಿಗದು, ಲೋಡ್ ತಗದ ಕೂಡಲೇ ಅಷ್ಟ ಜಲ್ದಿ ಕೆಳಗ ಬಿದ್ರ, ಚಿಪ್ಪಿಗೂ ಕೂಲರಿಗೂ ನಡುವ ಸಂಪರ್ಕ ಕೆಟ್ಟೈತಿ: ನಡುವಿನ ಥರ್ಮಲ್ ಪೇಸ್ಟ್ ಒಣಗೈತಿ, ಇಲ್ಲಾ ಪಿನ್ ಬಿಟ್ಟೈತಿ. ಹತ್ತು ಹದಿನೈದು ಮಿನಿಟು ಮೆಲ್ಲಕ ಏರಿ, ಇಳಿಯೂದೂ ಮೆಲ್ಲಕ ಆದ್ರ, ಕೂಲರಿನ ಫಿನ್ (ತೆಳು ತಗಡಿನ ಸಾಲು) ಒಳಗ ಧೂಳ ಇಲ್ಲಾ ಕ್ಯಾಬಿನೆಟ್ ಗಾಳಿ ಕಟ್ಟೈತಿ. ಖಾತ್ರಿ ಮಾಡ್ಕೊಳ್ಳಾಕ ಪಕ್ಕದ ತಗಡು ತಗದು ಇನ್ನೊಮ್ಮೆ ಓಡಸ್ರಿ. ಐದಾರು ಡಿಗ್ರಿ ಬಿದ್ರ ಗಾಳೀದ ತಪ್ಪು.

ಡಬ್ಬಿ ಕೂಲರಿಗೆ ನಾಕು ಪುಶ್-ಪಿನ್. ಮೊದಲ ಎಲ್ಲಾ ಪಿನ್ ತಲಿ ತನ್ನ ಮೂಲ ಜಾಗಕ್ಕ ತಿರುಗಿರಬೇಕು. ಆಮ್ಯಾಲ ಮೂಲಿಯಿಂದ ಎದುರು ಮೂಲಿಗೆ ಜೋಡಿ ಜೋಡಿ ಒತ್ತಬೇಕು, ‘ಟಕ್’ ಅನ್ನಬೇಕು. ಮೂರು ಕುಂತು ಒಂದು ಅರ್ಧ ಕುಂತಿದ್ರ ಮ್ಯಾಲಿಂದ ಗೊತ್ತ ಆಗೂದಿಲ್ಲ, ಬೋರ್ಡಿನ ಹಿಂದ ನೋಡ್ರಿ. ಬಿಳೇ ಪ್ಲಾಸ್ಟಿಕ್ಕಿನ ಎರಡು ಕಾಲ ಅಗಲಾಗಿ, ನಡುವ ಕರೇ ಕಡ್ಡಿ ಹೊರಗ ಇಣುಕಿರಬೇಕು. ನಾಕೂ ಕಡೆ ಹಂಗ ಇದ್ರ ಮುಗೀತು.

ಪೇಸ್ಟ್ ತೊಗರಿ ಕಾಳಿನಷ್ಟು, ಕಡ್ಲಿ ಕಾಳಿನಷ್ಟು ಬ್ಯಾಡ. ಆದ್ರ ಈ 12ನೇ ಪೀಳಿಗಿ ಚಿಪ್ ಉದ್ದಕ ಐತಿ, ನಡುವ ಒಂದ ಗುಂಡು ಇಟ್ರ ತುದಿಗೆ ಮುಟ್ಟೂದಿಲ್ಲ. ಅಷ್ಟ ಪೇಸ್ಟನ್ನ ಉದ್ದ ಗೆರಿ ಎಳೀರಿ. ಹಳೇ ಪೇಸ್ಟ್ ಒರಸಾಕ ಐಸೊಪ್ರೊಪೈಲ್ ಆಲ್ಕೊಹಾಲ್, ಎಳಿ ಬಿಡದ ಅರಿವಿ.

ಮಾರ್ಕೆಟ್ಟಿನ ಕಡೆ ಇರೋರಿಗೆ ಬ್ಯಾರೆ ಮಾತು. ಬ್ಯಾಡಗಿ ಮೆಣಸಿನಕಾಯಿ ಧೂಳ ಮಣ್ಣಿನಂಗ ಉದರೂದಿಲ್ಲ, ಎಣ್ಣಿ ಅಂಶ ಇರತೈತಿ, ಫಿನ್ ಸಂದ್ಯಾಗ ಮೆತ್ತಗೊಂಡು ಕುಂದರತೈತಿ. ಬ್ಲೋವರ್ ಹೊಡಿಯೂ ಮುಂದ ಕೂಲರ್ ಬಿಚ್ಚಿ ಹೊರಗ ಒಯ್ದು, ಗಾಳಿ ಬೆನ್ನಿಗೆ ಮಾಡಿ ನಿಂದರ್ರಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಫ್ಯಾನಿನ ರೆಕ್ಕಿ ಬಳ್ಳಿಂದ ಹಿಡದಿರಬೇಕು; ಬ್ಲೋವರ್ ಗಾಳಿಗೆ ಗರಗರ ತಿರುಗಾಕ ಬಿಟ್ರ ಬೇರಿಂಗ್ ಹಾಳು. ಧೂಳ ತಡ್ಯಾಕ ಅಂತ ಹತ್ತೀ ಅರಿವಿ ಕಟ್ಟಬ್ಯಾಡ್ರಿ, ಉಸರ ಕಟ್ಟತೈತಿ. ತೆಳು ನೈಲಾನ್ ಜಾಳಿಗಿ ಸಾಕು. ಅದನ್ನೂ 15 ದಿನಕ್ಕೊಮ್ಮೆ ಝಾಡಸ್ಬೇಕು, ಇಲ್ಲಂದ್ರ ಅದೂ ಅರಿವಿನ.

ಮುದ್ರಣ_ಬೆಟಗೇರಿ

ಗದಗ ಕಡೆ ಪ್ರೆಸ್ಸಿನ್ಯಾಗ ಇನ್ನೂ ಐ3-4130 ಮಷಿನ್ ಮ್ಯಾಲ ಡಿಟಿಪಿ ನಡದೈತಿ, ನುಡಿ, ಕೋರೆಲ್ ಡ್ರಾ ಅಷ್ಟ. ಇವಕ್ಕ 99 ಹಾಕಿದ್ರ ಏನೂ ಫರಕ ಬೀಳವಲ್ದು. ಯಾಕ?

ಸಪ್ತಾಪುರ_ಸರ್ಕ್ಯೂಟ್

4130ಕ್ಕ ಟರ್ಬೊನ ಇಲ್ಲ. 3.4 ಗಿಗಾಹರ್ಟ್ಸ್ ಅದರ ಮೂಲ ವೇಗಾನೂ ಹೌದು, ಗರಿಷ್ಠಾನೂ ಹೌದು. ಬಂದ್ ಮಾಡಾಕ ಏನೂ ಇಲ್ಲದಾಗ 99 ಏನು ಮಾಡೀತು? 80 ಇಡ್ರಿ, 2.7ರ ಹತ್ರ ನಿಲ್ತದ. ವೇಗದ ಜೋಡಿ ವೋಲ್ಟೇಜೂ ತಾನಾಗೇ ಇಳೀತದ. ಆದ್ರ ಅದು 54 ವ್ಯಾಟಿನ ಚಿಪ್ಪು. ಅಷ್ಟಕ್ಕ ಕುದಿಯಾಕತ್ತಿದ್ರ ಸೆಟ್ಟಿಂಗ್ ಬಿಟ್ಟು ಬ್ಯಾಡಗಿಯವರು ಹೇಳಿದ್ದನ್ನ ಮಾಡ್ರಿ. ಅಷ್ಟು ವರ್ಷದ ಪೇಸ್ಟ್ ಸುಣ್ಣ ಆಗಿರ್ತದ.

ರಾಣೆಬೆನ್ನೂರು_ರೈಜನ್

ಎಎಂಡಿ ಮಂದಿಗೂ ನಾಕು ಮಾತು ಇರಲಿ.

ಇಲ್ಲಿ ನೋಡಬೇಕಾದ್ದು ಟಿಡಿಪಿ (ಡಬ್ಬಿ ಮ್ಯಾಲಿನ ವ್ಯಾಟ್) ಅಲ್ಲ, ಪಿಪಿಟಿ (ಸಾಕೆಟ್ಟಿನಿಂದ ಎಳಿಯೂ ವ್ಯಾಟಿನ ಮಿತಿ). ಡಬ್ಬಿ ಮ್ಯಾಲ 105 ವ್ಯಾಟ್ ಅಂತ ಇರೋ ಎಎಂ4 ರೈಜನ್ ಸಾಕೆಟ್ಟಿನಿಂದ ಎಳ್ಯೂದು 142ರ ತನಕ. ಬಯೋಸ್‌ನ್ಯಾಗ ‘ಇಕೊ ಮೋಡ್’ 65 ಹಾಕಿದ್ರ ಪಿಪಿಟಿ 88 ಆಗತೈತಿ. 7000 ಸರಣೀ 170 ವ್ಯಾಟಿನವು 230 ಎಳೀತಾವ; ಅವಕ್ಕ 105ರ ಇಕೊ ಅಂದ್ರ 142, 65ರ ಇಕೊ ಅಂದ್ರ 88. ಇವು 95 ಡಿಗ್ರಿ ಮುಟ್ಟಿದ್ರ ಕೆಟ್ಟಾವ ಅಂತಲ್ಲ, ಅಲ್ಲೀತನಕ ಹೋಗಾಕಂತನ ಮಾಡ್ಯಾರ. ನಮ್ಮ ಏಪ್ರಿಲ್ ಬಿಸಲಾಗ ಖೋಲೀನೂ ಕುದೀಬೇಕಾ ಅನ್ನೂದು ನಿಮಗ ಬಿಟ್ಟದ್ದು.

ಇನ್ನೂ ಇಳಸಬೇಕಂದ್ರ 5000 ಸರಣಿಯಿಂದ ಈಚೆ ಕೋರಿನ ವೋಲ್ಟೇಜ್ ಇಳಸೂ ‘ಕರ್ವ್ ಆಪ್ಟಿಮೈಸರ್’ ಐತಿ. ಒಂದು ಎಣಿಕಿಗೆ 3ರಿಂದ 5 ಮಿಲಿವೋಲ್ಟ್. ಮೈನಸ್ 10ರಿಂದ ಶುರು ಮಾಡಿ ಐದೈದು ಹೆಚ್ಚಿಸ್ರಿ. ಯಾರೋ 30 ಹಾಕ್ಯಾರ ಅಂತ ನೀವೂ 30 ಹಾಕಬ್ಯಾಡ್ರಿ. ಒಂದ ಚಿಪ್ಪಿನ್ಯಾಗ ಎಲ್ಲಾ ಕೋರ್ ಒಂದ ಗುಣದವು ಇರೂದಿಲ್ಲ. ಎಎಂಡಿಯ ರೈಜನ್ ಮಾಸ್ಟರ್ ಸಾಫ್ಟ್‌ವೇರ್ ‘ಉತ್ತಮ ಕೋರ್’ ಅಂತ ತೋರ್ಸೂ ಎರಡಕ್ಕನ ಕಡಿಮಿ ಇಳಸಾಕ ಬರತೈತಿ, ಯಾಕಂದ್ರ ಅವು ಮೊದಲ ತುದೀಗೆ ನಿಂತಿರ್ತಾವ.

ಇಲ್ಲಿ ಎಲ್ಲಾರೂ ಎಡವೋ ಕಲ್ಲು ಒಂದೈತಿ. ಸಿನೆಬೆಂಚ್ ಅನ್ನೂ ಲೋಡ್ ಪರೀಕ್ಷಾ ಅರ್ಧ ತಾಸು ಓಡಿತು, ಮುಗೀತು ಅಂತಾರ. ಕರ್ವ್ ಇಳಿಸಿದ ಮಷಿನ್ ಲೋಡಿನ್ಯಾಗ ಬೀಳೂದು ಕಡಿಮಿ. ಸುಮ್ನ ಕುಂತಾಗ, ಬ್ರೌಸರ್ ತಗದಾಗ, ಅಂದ್ರ ಒಂದ ಕೋರ್ ಒಮ್ಮೆಲೇ ತುದಿವೇಗಕ್ಕ ಜಿಗದಾಗ ಬೀಳತೈತಿ. ಹಂಗಾಗಿ ಒಂದೊಂದ ಕೋರನ್ನ ಸರದಿ ಮ್ಯಾಲ ಪರೀಕ್ಷಾ ಮಾಡೂ ಕೋರ್‌ಸೈಕ್ಲರ್ ರಾತ್ರಿಯೆಲ್ಲಾ ಓಡಸ್ರಿ. ಮುಂಜಾನೆ ಇವೆಂಟ್ ವ್ಯೂವರ್‌ನ್ಯಾಗ ‘ವ್ಹೀಯಾ-ಲಾಗರ್’ ಹೆಸರಿಂದ 18 ಇಲ್ಲಾ 19 ನಂಬರಿನ ನೋಂದು ಬಿದ್ದೈತೇನು ನೋಡ್ರಿ. ಬಿದ್ದಿದ್ರ ನೀಲಿ ಪರದೆ ಬರದಿದ್ರೂ ಸೋತಂಗ. ನೋಂದಿನೊಳಗ ಎಪಿಐಸಿ ಐಡಿ ಇರತೈತಿ, ಅದರಿಂದ ಯಾವ ಕೋರ್ ಅಂತ ಗೊತ್ತಾಗತೈತಿ. ಅದಕ್ಕಷ್ಟ ಐದು ವಾಪಸ್ ಕೊಡ್ರಿ.

ಲಿನಕ್ಸ್_ಉಣಕಲ್

ಹಳೆಯ ರೈಜನ್ 3000 ಸರಣಿಯವರಿಗೆ ಒಂದು ಸೇರ್ಪಡೆ. ಅವುಗಳಲ್ಲಿ ಕರ್ವ್ ಆಪ್ಟಿಮೈಸರ್ ಇಲ್ಲ, ನೇರವಾಗಿ ವೋಲ್ಟೇಜ್ ಆಫ್‌ಸೆಟ್ ಕಳೆಯಬೇಕು. ಹೆಚ್ಚು ಕಳೆದರೆ ಯಂತ್ರ ಬೀಳುವುದಿಲ್ಲ, ಸದ್ದಿಲ್ಲದೆ ನಿಜವಾದ ವೇಗ ಇಳಿಸಿಕೊಳ್ಳುತ್ತದೆ. ಪರದೆಯಲ್ಲಿ 4.1 ಗಿಗಾಹರ್ಟ್ಸ್ ಎಂದೇ ಇರುತ್ತದೆ, ಕೆಲಸ ಮಾತ್ರ ನಿಧಾನ. ಎಚ್‌ಡಬ್ಲ್ಯೂಇನ್ಫೊದಲ್ಲಿ ‘ಎಫೆಕ್ಟಿವ್ ಕ್ಲಾಕ್’ ಎಂಬ ಸಾಲು ನೋಡಿ. ಪೂರ್ಣ ಲೋಡಿನಲ್ಲೂ ಅದು ತೋರಿಕೆಯ ವೇಗಕ್ಕಿಂತ ನೂರಿನ್ನೂರು ಮೆಗಾಹರ್ಟ್ಸ್ ಕೆಳಗಿದ್ದರೆ ನೀವು ಉಳಿಸಿದ್ದು ಬರೀ ಭ್ರಮೆ. ಪ್ರತಿ ಬದಲಾವಣೆಗೂ ಪರೀಕ್ಷೆಯ ಅಂಕ ಬರೆದಿಟ್ಟುಕೊಳ್ಳಿ. ವೋಲ್ಟೇಜ್ ಇಳಿದಾಗ ಅಂಕವೂ ಇಳಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಲಿನಕ್ಸ್‌ನಲ್ಲಿ ಇಂಟೆಲ್ ಪಿ-ಸ್ಟೇಟ್ ಡ್ರೈವರ್ ಇದ್ದಾಗ ಗವರ್ನರ್ (ವೇಗ ನಿರ್ಧರಿಸುವ ನೀತಿ) ‘ಪವರ್‌ಸೇವ್’ ಎಂದು ಕಂಡರೆ ಗಾಬರಿಯಾಗಬೇಡಿ. ಹೆಸರಷ್ಟೇ ಹಾಗೆ, ಲೋಡ್ ಬಂದರೆ ಟರ್ಬೊವರೆಗೂ ಏರುತ್ತದೆ. ಹಳೆಯ ಎಸಿಪಿಐ ಡ್ರೈವರಿನಲ್ಲಿ ಅದೇ ಹೆಸರು ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತದೆ. ಟರ್ಬೊ ಮಾತ್ರ ಬೇಡವೆಂದರೆ ಇಂಟೆಲ್‌ನಲ್ಲಿ ‘ನೋ ಟರ್ಬೊ’ ಕಡತಕ್ಕೆ 1 ಬರೆಯಬೇಕು, ಎಎಂಡಿಯಲ್ಲಿ ‘ಬೂಸ್ಟ್’ ಕಡತಕ್ಕೆ 0. ತಿರುಗುಮುರುಗು ಇದೆ, ಗಮನವಿರಲಿ. ವ್ಯಾಟ್ ಮಿತಿಗೆ ಪವರ್‌ಕ್ಯಾಪ್ ಅಡಿಯ ಇಂಟೆಲ್ ರಾಪ್ಲ್ ಫೋಲ್ಡರ್. ಅಲ್ಲಿ ಅಳತೆ ಮೈಕ್ರೊವ್ಯಾಟ್‌ನಲ್ಲಿ: 65 ವ್ಯಾಟಿಗೆ 65ರ ಮುಂದೆ ಆರು ಸೊನ್ನೆ. ಮೂರೇ ಸೊನ್ನೆ ಹಾಕಿದರೆ ಯಂತ್ರ ತೆವಳತೊಡಗುತ್ತದೆ. ಮರುಚಾಲನೆಗೆ ಇದೆಲ್ಲ ಅಳಿಸಿಹೋಗುವುದರಿಂದ ಯಂತ್ರ ಆನ್ ಆದಾಗ ತಾನಾಗಿಯೇ ಓಡುವ ಒಂದು ಸಿಸ್ಟಮ್‌ಡಿ ಸೇವೆಯಾಗಿ ಬರೆದಿಡಿ.

ನವನಗರ_ಲ್ಯಾಪ್‌ಟಾಪ್

ಲ್ಯಾಪ್‌ಟಾಪಿಗೆ ಥ್ರಾಟಲ್‌ಸ್ಟಾಪ್ ಅನ್ನೋ ಸಾಫ್ಟ್‌ವೇರ್ ಹಾಕಿ ವೋಲ್ಟೇಜ್ ಇಳಸ್ರಿ ಅಂತ ಎಲ್ಲಾ ಕಡೆ ಬರೀತಾರ. ಹಾಕಿದ್ರ ಆಫ್‌ಸೆಟ್ ಹಚ್ಚಿದ್ರೂ ಸೊನ್ನಿ ತೋರಸ್ತದ. ಏನು ತಪ್ಪು?

ಸಪ್ತಾಪುರ_ಸರ್ಕ್ಯೂಟ್

ತಪ್ಪು ನಿಮ್ದಲ್ಲ. 2019ರ ಡಿಸೆಂಬರ್‌ನ್ಯಾಗ ಪ್ಲಂಡರ್‌ವೋಲ್ಟ್ ಅನ್ನೋ ದೋಷ ಹೊರಗ ಬಂತು. ಸಾಫ್ಟ್‌ವೇರಿನಿಂದ ವೋಲ್ಟೇಜ್ ಅಲ್ಲಾಡಿಸಿ ಇಂಟೆಲ್ ಚಿಪ್ಪಿನ ಗುಪ್ತ ಕೋಣೆ ಎಸ್‌ಜಿಎಕ್ಸ್ ಒಳಗಿನ ಲೆಕ್ಕ ತಪ್ಪಿಸಬಹುದು ಅಂತ ಸಂಶೋಧಕರು ತೋರಿಸಿದ್ರು. ಅದಾದ ಮ್ಯಾಲ ಬಯೋಸ್ ಅಪ್‌ಡೇಟ್ ಮೂಲಕ ಆ ಬಾಗಿಲಿಗೆ ಕೀಲಿ ಬಿತ್ತು. ಕೀಲಿ ಮುರಿಯಾಕ ಹಳೇ ಬಯೋಸ್ ಹಾಕ್ರಿ ಅಂತ ಹೇಳೋರು ಅದಾರ. ಬ್ಯಾಂಕ್, ಬಿಲ್ಲಿಂಗ್ ಮಾಡೋ ಮಷಿನ್ನಿಗೆ ಆ ಉಸಾಬರಿ ಬ್ಯಾಡ.

ಕೀಲಿ ಇಲ್ಲದ 8ನೇ ಪೀಳಿಗೆಯಂಥಾದ್ದಿದ್ರ: ಥ್ರಾಟಲ್‌ಸ್ಟಾಪಿನ ಎಫ್‌ಐವಿಆರ್ ಕಿಟಕಿಯೊಳಗ ಕೋರ್ ಮತ್ತ ಕ್ಯಾಶ್ ಎರಡಕ್ಕೂ ಒಂದ ಸಂಖ್ಯಾ ಕೊಡಬೇಕು, ಒಂದಕ್ಕಷ್ಟ ಕೊಟ್ರ ಹಿಡಿಯೂದಿಲ್ಲ. ಮೈನಸ್ 50 ಮಿಲಿವೋಲ್ಟಿನಿಂದ ಹತ್ತತ್ತು ಇಳೀರಿ. ಎರಡು ದಿನ ನೆಟ್ಟಗ ನಡಿಯೋತನಕ ‘ಸೇವ್’ ಒತ್ತಬ್ಯಾಡ್ರಿ. ಬಿದ್ರ ರೀಸ್ಟಾರ್ಟಿಗೆ ಎಲ್ಲಾ ಮೊದಲಿನಂಗ ಆಗ್ತದ.

ಕೀಲಿ ಬಿದ್ದವರಿಗೆ ಟರ್ಬೊ ಬಂದ್ ಮಾಡೋದ ದಾರಿ. ಪವರ್ ಆಪ್ಷನ್ಸ್‌ನ್ಯಾಗ ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಅನ್ನೋ ಸಾಲ ಕಾಣದಿದ್ರ ಹೆದರಬ್ಯಾಡ್ರಿ. ಹೊಸ ಲ್ಯಾಪ್‌ಟಾಪಿನ್ಯಾಗ ಮುಚ್ಚಿಟ್ಟಿರ್ತಾರ, ಪವರ್‌ಸಿಎಫ್‌ಜಿ ಆಜ್ಞಾದಿಂದ ಹೊರಗ ತರಬಹುದು. ಒಂದ ನೆನಪಿಡ್ರಿ: ಫ್ಯಾನ್ ಮಾತುಮಾತಿಗೆ ಹೊಯ್ಕೊಳ್ಳೋದಷ್ಟ ನಿಮ್ಮ ತ್ರಾಸಾದ್ರ, ಗಿಗಾಹರ್ಟ್ಸಿಗೆ ಮುಚ್ಚಳ ಹಾಕೋದ ಚಲೋ. ಮ್ಯಾಲ ನಾ ಹೇಳಿದ್ದಕ್ಕ ಇದೊಂದು ಅಪವಾದ. ಅರ್ಧ ಸೆಕೆಂಡಿನ ಟರ್ಬೊ ಜಿಗಿತಕ್ಕ ವ್ಯಾಟ್ ಮಿತಿ ಅಡ್ಡ ಬರೂದಿಲ್ಲ.

ಮುದ್ರಣ_ಬೆಟಗೇರಿ

ಹಂಗಾದ್ರ ಎಷ್ಟು ನಿಧಾನ ಓಡಸ್ತೀವಿ ಅಷ್ಟು ಬಿಲ್ ಉಳೀತೈತಿ, ಹೌದಲ್ರಿ?

ಲಿನಕ್ಸ್_ಉಣಕಲ್

ಅಲ್ಲ. ಪ್ರೊಸೆಸರ್ ಒಂದೇ ಅಲ್ಲ, ಮಾನಿಟರ್, ಬೋರ್ಡ್, ಡಿಸ್ಕ್, ಪವರ್ ಸಪ್ಲೈ ಕೂಡ ಕೆಲಸ ಮುಗಿಯುವವರೆಗೆ ಉಣ್ಣುತ್ತಲೇ ಇರುತ್ತವೆ. ಒಂದು ರೆಂಡರ್ ಲೆಕ್ಕ ಹಾಕೋಣ. ಪೂರ್ಣ ವೇಗ: ಗೋಡೆಯ ಸಾಕೆಟ್ಟಿನಲ್ಲಿ 160 ವ್ಯಾಟ್, 30 ನಿಮಿಷ, ಒಟ್ಟು 80 ವ್ಯಾಟ್-ತಾಸು. ಸ್ವಲ್ಪ ಇಳಿಸಿದಾಗ: 110 ವ್ಯಾಟ್, 36 ನಿಮಿಷ, 66 ವ್ಯಾಟ್-ತಾಸು. ಅರ್ಧ ವೇಗಕ್ಕೆ ಇಳಿಸಿದಾಗ: 90 ವ್ಯಾಟ್, 60 ನಿಮಿಷ, 90 ವ್ಯಾಟ್-ತಾಸು. ನಡುವಿನದು ಗೆದ್ದಿತು, ತೀರಾ ನಿಧಾನದ್ದು ಪೂರ್ಣ ವೇಗಕ್ಕಿಂತಲೂ ದುಬಾರಿಯಾಯಿತು. ರೆಂಡರ್ ಮುಗಿದ ಕೂಡಲೇ ಯಂತ್ರ ಬಂದ್ ಮಾಡುವವರಿಗೆ ಈ ಲೆಕ್ಕ. ಹೇಗೂ ದಿನವಿಡೀ ಚಾಲೂ ಇಡುವ ಯಂತ್ರವಾದರೆ ಉಳಿದ ಭಾಗಗಳ ಖರ್ಚು ಎರಡೂ ಕಡೆ ಒಂದೇ, ಆಗ ನಿಧಾನದಿಂದ ಅಷ್ಟು ನಷ್ಟವಿಲ್ಲ.

ಸಪ್ತಾಪುರ_ಸರ್ಕ್ಯೂಟ್

ಗೋಡೆಯ ವ್ಯಾಟ್ ಅಳಿಯಾಕ ಪ್ಲಗ್ಗಿನ ವ್ಯಾಟ್‌ಮೀಟರ್ ಇಲ್ಲದವರು ಮನೀ ಮೀಟರನ್ನ ಬಳಸ್ರಿ. ಮುಖದ ಮ್ಯಾಲ ಸಣ್ಣ ಕೆಂಪು ದೀಪ ಮಿಣುಕತಿರ್ತದ, ಪಕ್ಕದಾಗ ಒಂದು ಯುನಿಟ್ಟಿಗೆ ಎಷ್ಟು ಮಿಣುಕು ಅಂತ ಅಚ್ಚಾಗಿರ್ತದ. 3200 ಅಂತ ಇದ್ರ ಒಂದು ಮಿಣುಕಿಗೆ 0.3125 ವ್ಯಾಟ್-ತಾಸು. ಫ್ರಿಜ್, ಫ್ಯಾನ್, ಲೈಟ್ ಎಲ್ಲಾ ಬಂದ್ ಮಾಡಿ ಕಂಪ್ಯೂಟರ್ ಅಷ್ಟ ಬಿಡ್ರಿ. ಒಂದು ಮಿಣುಕು ಕಂಡ ಕೂಡಲೇ ಫೋನಿನ ಸ್ಟಾಪ್‌ವಾಚ್ ಒತ್ರಿ, ಅದನ್ನ ಸೊನ್ನಿ ಅಂತ ಹಿಡಿದು ಹತ್ತನೇದಕ್ಕ ನಿಲ್ಲಸ್ರಿ. 3200ರ ಮೀಟರಿಗೆ 11250ನ್ನ ಬಂದ ಸೆಕೆಂಡಿನಿಂದ ಭಾಗಿಸಿದ್ರ ವ್ಯಾಟ್. 75 ಸೆಕೆಂಡ್ ಹಿಡಿದ್ರ 150, 125 ಹಿಡಿದ್ರ 90. ಮೊದಲನೇ ಮಿಣುಕನ್ನ ಒಂದು ಅಂತ ಎಣಿಸಿದ್ರ ಸುಮಾರು ಹನ್ನೊಂದು ಪರ್ಸೆಂಟ್ ತಪ್ತದ.

ಸಾಫ್ಟ್‌ವೇರ್ ತೋರಿಸೋ ‘ಪ್ಯಾಕೇಜ್ ಪವರ್’ ಬರೇ ಚಿಪ್ಪಿಂದು. ಅದನ್ನ ಬಿಲ್ಲಿಗೆ ಗುಣಿಸಬ್ಯಾಡ್ರಿ. ಗೋಡೆಯಲ್ಲಿ 50 ವ್ಯಾಟ್ ಉಳಿದ್ರ, ದಿನಕ್ಕ 8 ತಾಸು, ತಿಂಗಳಿಗೆ 26 ದಿನ, 10.4 ಯುನಿಟ್. ಹೆಸ್ಕಾಂ ಬಿಲ್ಲಿನ್ಯಾಗ ನಿಮ್ಮ ದರ ಎಷ್ಟದ ನೋಡಿ ನೀವ ಗುಣಿಸ್ಕೊಳ್ರಿ. ಬರೇ ಟ್ಯಾಲಿ ಓಡೋ ಮಷಿನ್ ಆದ್ರ ಅಷ್ಟೂ ಉಳಿಯೂದಿಲ್ಲ, ಅದು ಹೆಚ್ಚಿನ ಹೊತ್ತು ಸುಮ್ನ ಕುಂತಿರ್ತದ.

ಬ್ಯಾಡಗಿ_ಘಾಟು

ಬಿಲ್ಲಿಗಿಂತ ಯುಪಿಎಸ್ಸಿಗೆ ಲಾಭ ಹೆಚ್ಚು. 600 ವಿಎ ಅಂದ್ರ 600 ವ್ಯಾಟ್ ಅಲ್ಲ, ಹೆಚ್ಚಿನವು 360. ಒಳಗ 12 ವೋಲ್ಟ್ 7 ಎಎಚ್ ಬ್ಯಾಟ್ರಿ. ಆ 7 ಅನ್ನೂದು 20 ತಾಸು ಮೆಲ್ಲಕ ಎಳದಾಗಿನ ಲೆಕ್ಕ. 150 ವ್ಯಾಟ್ ಕೇಳಿದ್ರ ಇನ್ವರ್ಟರ್ ನಷ್ಟಾ ಹಿಡದು ಬ್ಯಾಟ್ರಿಯಿಂದ 15 ಆಂಪ್ ದಾಟತೈತಿ, ಅಷ್ಟು ಜೋರು ಎಳದ್ರ 7 ಎಎಚ್ ಪೂರಾ ಕೈಗೆ ಬರೂದಿಲ್ಲ. 70 ವ್ಯಾಟಿಗೆ 7 ಆಂಪ್ ಸುಮಾರು. ಲೋಡ್ ಅರ್ಧ ಮಾಡಿದ್ರ ವೇಳೆ ಎರಡು ಪಟ್ಟಿಗಿಂತ ಹೆಚ್ಚ ಸಿಗತೈತಿ.

ಯುಪಿಎಸ್ಸಿಗೆ ಯುಎಸ್‌ಬಿ ವೈರ್ ಇದ್ರ ಕಂಪ್ಯೂಟರಿಗೆ ಹಚ್ರಿ. ಡೆಸ್ಕ್‌ಟಾಪಿನ್ಯಾಗೂ ಬ್ಯಾಟ್ರಿ ಚಿತ್ರ ಬರತೈತಿ, ಪವರ್ ಪ್ಲ್ಯಾನಿನ್ಯಾಗ ‘ಆನ್ ಬ್ಯಾಟರಿ’ ಅಂತ ಇನ್ನೊಂದು ಮನಿ ಹುಟ್ಟತೈತಿ. ಆ 99 ಹಾಕೂ ಜಾಗಾ ಅದು. ಕರೆಂಟ್ ಇದ್ದಾಗ 100, ಹೋದ ಕೂಡಲೇ ಟರ್ಬೊ ತಾನ ಬಂದ್.

ದುರ್ಗದಬೈಲ್_ಡೆಸ್ಕ್

ಪಿಎಲ್1 75, ಪಿಎಲ್2 100, ಟೌ 28. ಎಡಗಡೆ ಕೆಳಗಿನ ಪಿನ್ ಅರ್ಧ ಕುಂತಿತ್ತು, ಅದನ್ನೂ ಒತ್ತಿದ್ದಾತು. ಅರ್ಧ ತಾಸು ರೆಂಡರ್ ಆದ ಮ್ಯಾಲ 82, ಖೋಲಿ 37. ಮಿಣುಕಿನ ಲೆಕ್ಕಕ್ಕ ಗೋಡೆಯಲ್ಲಿ 121 ವ್ಯಾಟ್, ಮಾನಿಟರ್ ಸೇರಿ. ಟ್ಯಾಲಿ ಮೊದಲಿನಂಗ ಚುರುಕ ಐತಿ. ಈ ಸೆಟ್ಟಿಂಗ್ ಎಂದರ ಅಳಿಸಿ ಹೋಗತೈತೇನ್ರಿ?

ಸಪ್ತಾಪುರ_ಸರ್ಕ್ಯೂಟ್

ಹೋಗ್ತದ. ಬಯೋಸ್ ಅಪ್‌ಡೇಟ್ ಮಾಡಿದ್ರ, ಇಲ್ಲಾ ಬೋರ್ಡಿನ ಸಿಆರ್2032 ಸೆಲ್ ಸತ್ರ, 4096 ವಾಪಸ್ ಬರ್ತದ. ಮುಂಜಾನೆ ಆನ್ ಮಾಡಿದಾಗ ತಾರೀಖು ತಪ್ಪಿದ್ದು ಕಂಡ್ರ ಸೆಲ್ ಹೋಗೇದ ಅಂತ ತಿಳೀರಿ, ಪಿಎಲ್ ಕೂಡ ಹೋಗಿರ್ತದ. ಬಯೋಸ್ ಪರದೆಯ ಫೋಟೊ ಹೊಡದು ಪ್ರಿಂಟ್ ತಗದು ಕ್ಯಾಬಿನೆಟ್ ತಗಡಿನ ಒಳಗ ಅಂಟಸ್ರಿ. ಫೋನಿನ್ಯಾಗ ಇಟ್ರ ಬೇಕಾದಾಗ ಸಿಗೂದಿಲ್ಲ.